ಮೆಚ್ಚುವ ಪ್ರೀತಿ: ಪಂಡಿತಾ ರಮಾಬಾಯಿಯವರ ಜೀವನದಿಂದ ಗಂಡಹೆಂಡತಿಯರಿಗೆ ಒಂದು ಮಾತು

ಒಂದ್ಸಾರಿ ನಿಮ್ಮ ನಿಮ್ಮ ಗಂಡ, ನಿಮ್ಮ ನಿಮ್ಮ ಹೆಂಡತಿ ಎಲ್ಲಿ ಕೂತಿದ್ದಾರೆ ಅಂತ ನೋಡ್ರಿ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರೋದರಿಂದ ದೂರದಿಂದಲೇ ಕೈ ಎತ್ತಿ ಪ್ರೈಸ್ ದ ಲಾರ್ಡ್ ಹೇಳ್ರಿ. ಬೆಳಿಗ್ಗೆ ಮನೆ ಬಿಡುವಾಗ ಜಗಳ ಆಗಿದ್ರೂ ಪರವಾಗಿಲ್ಲ, ಹೇಳ್ರಿ. ಹಲ್ಲೆಲೂಯಾ.

ಕಳೆದ ಭಾನುವಾರ ನಾವು ಹರಿಹರಕ್ಕೆ ಹೋಗಿ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟೆವು. ಹೊಸದಾಗಿ ಮದುವೆಯಾದ ಒಂದು ಜೋಡಿ ಒಟ್ಟಿಗೇ ನೀರಿಗೆ ಇಳಿದರು. ಹುಡುಗನಿಗೆ ನೀರು ಅಂದರೆ ಭಯ. ಹುಡುಗಿ ಅವನ ಕೈ ಹಿಡಿದು ಮುಂದೆ ನಡೆಸಿಕೊಂಡು ಬಂದಳು. ದಡದಲ್ಲಿದ್ದ ನಮ್ಮ ಹುಡುಗರು ನಕ್ಕರು. ಆದರೆ ಆ ಹುಡುಗ ನಗಲಿಲ್ಲ, ನಾಚಲೂ ಇಲ್ಲ. ಮೇಲೆ ಬಂದ ಮೇಲೆ ಎಲ್ಲರ ಎದುರಿಗೇ, ತನಗಿಂತ ತನ್ನ ಹೆಂಡತಿಗೆ ಧೈರ್ಯ ಜಾಸ್ತಿ ಅಂತ ಸಂತೋಷವಾಗಿ ಒಪ್ಪಿಕೊಂಡ. ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ ನನಗೆ ಆ ಮಾತು ಚುಚ್ಚಿತು. ಯಾಕೆ ಚುಚ್ಚಿತು ಅಂತ ಆಮೇಲೆ ಹೇಳ್ತೀನಿ.

ಮೊದಲು ಆ ನೀರಿನ ವಿಷಯ. ಹರಿಹರದ ಮುಂದೆ ಹರಿಯುವ ತುಂಗಭದ್ರೆ ಎಲ್ಲಿಂದ ಬರ್ತಾಳೆ? ಪಶ್ಚಿಮ ಘಟ್ಟದಲ್ಲಿ, ಕುದುರೆಮುಖದ ಹತ್ತಿರ, ಗಂಗಾಮೂಲ ಅಂತ ಒಂದು ಜಾಗ ಇದೆ. ತುಂಗಾ ಅಲ್ಲೇ ಹುಟ್ಟುತ್ತಾಳೆ, ಭದ್ರಾ ಅಲ್ಲೇ ಹುಟ್ಟುತ್ತಾಳೆ. ಬೇರೆ ಬೇರೆ ದಾರಿ ಹಿಡಿದು ಹೋಗಿ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರಿ, ಒಂದೇ ಹೆಸರಾಗಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರ್ತಾರೆ. ದಾವಣಗೆರೆಯಲ್ಲಿ ನಾವು ಕುಡಿಯೋದೂ ಆ ಬೆಟ್ಟದ ನೀರೇ.

ಆ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ ತಿಂಗಳಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗುವೇ ಪಂಡಿತಾ ರಮಾಬಾಯಿ. ಪುಣೆಯವರು ಆಕೆಯನ್ನು ತಮ್ಮವರು ಅಂತಾರೆ, ಸರಿಯೇ. ಆದರೆ ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದ ಕಾಡಿನಲ್ಲಿ, ನಮ್ಮ ಹೊಳೆ ಹುಟ್ಟುವ ಜಾಗದಲ್ಲಿ. ಒಂದು ಹೆಣ್ಣು ಮಗು ಕಾಡಿನಲ್ಲಿ ಯಾಕೆ ಹುಟ್ಟಬೇಕಾಯಿತು? ಒಬ್ಬ ಗಂಡ ತನ್ನ ಹೆಂಡತಿಗೆ ಓದು ಕಲಿಸಬೇಕು ಅಂತ ಹಟ ಹಿಡಿದದ್ದಕ್ಕೆ. ಇವತ್ತಿನ ಸಂದೇಶ ಇರೋದು ಇಲ್ಲೇ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಕಡೆಯ ಮಾಳದವರು. ಚಿತ್ಪಾವನ ಬ್ರಾಹ್ಮಣರು. ಹುಡುಗನಾಗಿದ್ದಾಗ ಸಂಸ್ಕೃತ ಕಲಿಯಲು ಪುಣೆಗೆ ಹೋದರು. ಅವರ ಗುರುಗಳು ಎರಡನೇ ಬಾಜಿರಾವ್ ಪೇಶ್ವೆಯ ಅರಮನೆಗೆ ಹೋಗಿ ಪೇಶ್ವೆಯ ಹೆಂಡತಿಗೆ ಪಾಠ ಹೇಳುತ್ತಿದ್ದರು. ಒಂದು ದಿನ ಈ ಹುಡುಗನ ಕಿವಿಗೆ ಆ ಹೆಂಗಸು ಸಂಸ್ಕೃತ ಶ್ಲೋಕ ಹೇಳುವುದು ಬಿತ್ತು. ಹೆಣ್ಣು ಅಕ್ಷರ ಕಲಿತರೆ ಕೇಡು ಅಂತ ನಂಬಿದ್ದ ಕಾಲ. ಹುಡುಗ ಬೆರಗಾಗಿ ಹೋದ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ಬೇರೆಯವರ ಹೆಂಡತಿಯಲ್ಲಿ ಒಂದು ಒಳ್ಳೇ ಗುಣ ನೋಡಿದರೆ ಏನು ಮಾಡ್ತೀವಿ? ಮನೆಗೆ ಬಂದು ಹೋಲಿಸ್ತೀವಿ. ಅವರ ಮನೆಯಲ್ಲಿ ನೋಡು, ನೀನೂ ಇದ್ದೀಯ ಅಂತೀವಿ. ಅನಂತಶಾಸ್ತ್ರಿ ಹಾಗೆ ಮಾಡಲಿಲ್ಲ. ಆ ಹೆಂಗಸಿಗೆ ಆಗುವುದಾದರೆ ನನ್ನ ಹೆಂಡತಿಗೂ ಆಗುತ್ತದೆ, ನಾನೇ ಕಲಿಸುತ್ತೇನೆ ಅಂತ ತೀರ್ಮಾನ ಮಾಡಿಕೊಂಡರು. ಹೋಲಿಕೆ ಮಾಡುವ ಕಣ್ಣು ಬೇರೆ, ಮೆಚ್ಚುವ ಕಣ್ಣು ಬೇರೆ.

ಮೊದಲ ಹೆಂಡತಿಗೆ ಕಲಿಸಲು ಹೋದಾಗ ಮನೆಯ ಹಿರಿಯರು ಬಿಡಲಿಲ್ಲ. ಆಕೆ ತೀರಿಹೋದ ಮೇಲೆ, ಯಾತ್ರೆಗೆ ಹೋಗಿದ್ದಾಗ ಗೋದಾವರಿ ದಡದ ಪೈಠಣದಲ್ಲಿ ಲಕ್ಷ್ಮೀಬಾಯಿಯನ್ನು ಮದುವೆಯಾದರು. ಅವರಿಗೆ 40 ದಾಟಿತ್ತು, ಆಕೆಗೆ 9 ವರ್ಷ. ನೋಡ್ರಿ, ಇದನ್ನ ನಾನು ಮುಚ್ಚಿಡೋದಿಲ್ಲ. ಒಂಬತ್ತು ವರ್ಷದ ಮಗುವಿಗೆ ಮದುವೆ ಮಾಡೋದು ಅನ್ಯಾಯ. ಆ ಕಾಲದಲ್ಲಿ ಎಲ್ಲರೂ ಮಾಡ್ತಿದ್ರು ಅಂದ ಮಾತ್ರಕ್ಕೆ ಅದು ಸರಿಯಾಗೋದಿಲ್ಲ. ರಮಾಬಾಯಿ ತಮ್ಮ ಜೀವಮಾನವೆಲ್ಲ ಹೋರಾಡಿದ್ದೇ ಆ ಪದ್ಧತಿ ಹುಟ್ಟಿಸಿದ ದುಃಖದ ವಿರುದ್ಧ. ನಾವು ಯಾವ ಮನುಷ್ಯನನ್ನೂ ಪೂಜೆ ಮಾಡೋರಲ್ಲ. ಆದರೆ ಆ ಕತ್ತಲೆ ಕಾಲದಲ್ಲೂ ಆ ಮನುಷ್ಯ ಒಂದು ಬೆಳಕಿನ ಕೆಲಸ ಮಾಡಿದರು, ಅದನ್ನು ನೋಡಬೇಕು.

ಹುಡುಗಿಯನ್ನು ಊರಿಗೆ ಕರೆತಂದು ಅಕ್ಷರ ಹೇಳಿಕೊಡಲು ಶುರು ಮಾಡಿದರು. ಮನೆಯವರು ತಿರುಗಿಬಿದ್ದರು, ಸಮಾಜ ತಿರುಗಿಬಿತ್ತು. ಕೊನೆಗೆ ಉಡುಪಿಯಲ್ಲಿ ಪಂಡಿತರ ದೊಡ್ಡ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಹೆಣ್ಣಿಗೆ ಸಂಸ್ಕೃತ ಕಲಿಸುವುದು ತಪ್ಪಲ್ಲ ಅಂತ ಅವರದೇ ಗ್ರಂಥಗಳಿಂದ ಆಧಾರ ತೋರಿಸಿ ವಾದ ಮಾಡಿ ಬಂದರು. ಬಹಿಷ್ಕಾರ ತಪ್ಪಿತು. ಆದರೆ ಊರಿನಲ್ಲಿ ನೆಮ್ಮದಿಯಿಂದ ಕಲಿಸುವ ಹಾಗಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡು ಸೇರಿದರು.

ಕಾಡಿನ ಮೊದಲ ರಾತ್ರಿ ತಲೆ ಮೇಲೆ ಸೂರಿಲ್ಲ. ಹುಲಿ ಗರ್ಜಿಸುವುದು ಕೇಳುತ್ತಿತ್ತು. ಆ ಹುಡುಗಿ ಹೊದಿಕೆ ಸುತ್ತಿಕೊಂಡು ನಡುಗುತ್ತಾ ನೆಲದ ಮೇಲೆ ಮಲಗಿದ್ದಳು. ಗಂಡ ಬೆಳಗಾಗುವವರೆಗೆ ಎಚ್ಚರವಾಗಿ ಕಾವಲು ಕೂತಿದ್ದರು. ಆಮೇಲೆ ಮನೆ ಕಟ್ಟಿದರು, ಪಾಠ ಮುಂದುವರಿಯಿತು, ಶಿಷ್ಯರು ಹುಡುಕಿಕೊಂಡು ಬಂದರು. ಆ ಹುಡುಗಿ ಬೆಳೆದು ದೊಡ್ಡ ವಿದ್ವಾಂಸೆಯಾದಳು.

ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ನಾವು ಎಷ್ಟು ಸಲ ಓದಿದ್ದೀವಿ? ಪ್ರತಿ ಮದುವೆಯಲ್ಲಿ ಓದ್ತೀವಿ. ಹೆಂಡತಿ ಅಧೀನಳಾಗಿರಬೇಕು ಅನ್ನೋ ಭಾಗ ಬಂದಾಗ ಗಂಡಸರ ಕಡೆಯಿಂದ ಆಮೆನ್ ಜೋರಾಗಿ ಬರುತ್ತೆ. ಅದರ ಮುಂದಿನ ಭಾಗ ಬಂದಾಗ ಫ್ಯಾನ್ ತಿರುಗೋ ಸದ್ದು ಮಾತ್ರ ಕೇಳುತ್ತೆ. ಅಲ್ಲಿ ಪೌಲನು ಗಂಡಂದಿರ ಮುಂದೆ ಇಡುವ ಅಳತೆ ಕ್ರಿಸ್ತನದು. ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟನು. ಯಾಕೆ ಕೊಟ್ಟನು? ಆಕೆ ಕಳಂಕವಿಲ್ಲದೆ, ಮಹಿಮೆಯಿಂದ ತನ್ನ ಎದುರಿಗೆ ನಿಲ್ಲಬೇಕು ಅಂತ. ಸಭೆ ಇನ್ನೂ ಸುಂದರವಾಗಿರಲಿಲ್ಲ. ಆಕೆ ಏನಾಗಬಲ್ಲಳು ಅಂತ ಆತನು ಮೊದಲೇ ನೋಡಿದನು, ಅದಕ್ಕೆ ಬೆಲೆ ಕೊಟ್ಟನು. ದೇವರಿಗೆ ಸ್ತೋತ್ರ.

ಅನಂತಶಾಸ್ತ್ರಿಗೆ ಈ ಪತ್ರ ಗೊತ್ತಿರಲಿಲ್ಲ. ಪ್ರತಿ ವಾರ ಬೈಬಲ್ ಹಿಡಿದು ಬರುವ ನಮಗೆ ಗೊತ್ತಿದೆ. ಹಾಗಾದರೆ ನಮ್ಮ ಲೆಕ್ಕ ಜಾಸ್ತಿಯೋ ಕಡಿಮೆಯೋ? ನೀವೇ ಹೇಳ್ರಿ.

ಈಗ ಆ ಮಗುವಿನ ಜೀವನಕ್ಕೆ ಬರೋಣ. ಮಗುವಿಗೆ ಸುಮಾರು ಆರು ತಿಂಗಳಾದಾಗ ಆ ಕುಟುಂಬ ಕಾಡು ಬಿಡಬೇಕಾಯಿತು. ಬಂದವರಿಗೆಲ್ಲ ಊಟ ಹಾಕಿ, ಶಿಷ್ಯರನ್ನು ಸಾಕಿ ಆಸ್ತಿ ಕರಗಿತ್ತು. ಮಗುವನ್ನು ಬುಟ್ಟಿಯಲ್ಲಿಟ್ಟು ಆಳಿನ ತಲೆ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಅಲ್ಲಿಂದ ವರ್ಷಗಟ್ಟಲೆ ತೀರ್ಥಯಾತ್ರೆ. ಪುರಾಣ ಹೇಳುವುದು, ಜನ ಕೊಟ್ಟದ್ದರಲ್ಲಿ ಬದುಕುವುದು. ಅಪ್ಪನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತಿತ್ತು. ರಮಾಗೆ ಪಾಠ ಹೇಳಿಕೊಟ್ಟದ್ದು ಅಮ್ಮ. ಹಗಲೆಲ್ಲ ಕೆಲಸ ಇರುತ್ತಿದ್ದರಿಂದ ಇನ್ನೂ ಕತ್ತಲಿರುವಾಗಲೇ ಎಬ್ಬಿಸಿ ಶ್ಲೋಕ ಬಾಯಿಪಾಠ ಮಾಡಿಸುತ್ತಿದ್ದರು. ಗಂಡ ಬಿತ್ತಿದ ಬೀಜ ಹೆಂಡತಿಯಲ್ಲಿ ಮರವಾಗಿ, ಮಗಳಿಗೆ ಹಣ್ಣು ಕೊಟ್ಟಿತು.

1874ರ ಬರಗಾಲ ಆ ಮನೆಯನ್ನು ನುಂಗಿತು. ತಿನ್ನಲು ಏನೂ ಇಲ್ಲದೆ ಎಲೆ ತಿಂದು ದಿನ ಕಳೆದರು. ಅಪ್ಪ ಹೋದರು. ಸ್ವಲ್ಪ ದಿನಕ್ಕೇ ಅಮ್ಮನೂ ಹೋದರು. ಅಮ್ಮನ ಶವಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗದೆ ಮಗಳೇ ಹೊರಬೇಕಾಯಿತು. ಆಕೆ ಗಿಡ್ಡ, ಹೆಗಲು ಎಟುಕದೆ ತಲೆ ಮೇಲೆ ಹೊತ್ತಳು. ಆಮೇಲೆ ಅಕ್ಕನೂ ತೀರಿಕೊಂಡಳು. ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೇ ಉಳಿದರು. ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಈ 20 ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ ಅಂತಲೂ ಸರಸ್ವತಿ ಅಂತಲೂ ಬಿರುದು ಕೊಟ್ಟರು. ಕಲಿಯಬಾರದು ಅಂತ ಊರೇ ತಡೆದ ಒಬ್ಬ ಹೆಂಗಸಿನ ಮಗಳು ಆಕೆ!

1880ರಲ್ಲಿ ಅಣ್ಣನೂ ತೀರಿಹೋದ. ಅದೇ ವರ್ಷ ಅಣ್ಣನ ಸ್ನೇಹಿತರಾಗಿದ್ದ ಬಿಪಿನ್ ಬಿಹಾರಿ ದಾಸ್ ಮೇಧ್ವಿ ಅನ್ನುವ ಬಂಗಾಳಿ ವಕೀಲರನ್ನು ರಮಾಬಾಯಿ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಸರ್ಕಾರಿ ಕಾನೂನಿನ ಪ್ರಕಾರ ರಿಜಿಸ್ಟರ್ ಮದುವೆ. ಎರಡೂ ಕಡೆಯವರು ದೂರ ಇಟ್ಟರು. ಅಸ್ಸಾಮಿನ ಸಿಲ್ಚರಿನಲ್ಲಿ ಸಂಸಾರ ಮಾಡಿದರು. ಆ ಕಾಲದಲ್ಲಿ ಒಬ್ಬ ಗಂಡಸು ತನಗಿಂತ ಹೆಸರುವಾಸಿಯಾದ, ವೇದಿಕೆ ಮೇಲೆ ಭಾಷಣ ಮಾಡುವ ಹೆಣ್ಣನ್ನು ಬಯಸಿ ಮದುವೆಯಾಗುವುದು ಸಣ್ಣ ಮಾತಲ್ಲ. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, ಮನೋರಮಾ ಅಂತ ಹೆಸರಿಟ್ಟರು.

ಆ ಮನೆಯಲ್ಲೇ, ಗಂಡನ ಪುಸ್ತಕಗಳ ಮಧ್ಯೆ, ರಮಾಬಾಯಿಗೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತು. ಓದಿದರು. ಬ್ಯಾಪ್ಟಿಸ್ಟ್ ಮಿಷನರಿ ಒಬ್ಬರು ಮನೆಗೆ ಬಂದು ದೇವರ ವಾಕ್ಯ ವಿವರಿಸತೊಡಗಿದರು. ಆಕೆಯ ಮನಸ್ಸು ಯೇಸುವಿನ ಕಡೆ ತಿರುಗತೊಡಗಿತು. ಆಗ ಗಂಡನಿಗೆ ಕೋಪ ಬಂತು. ಮಿಷನ್ ಶಾಲೆಯಲ್ಲಿ ಓದಿದವರೇ, ಬೈಬಲ್ ಗೊತ್ತಿದ್ದವರೇ, ಆದರೂ ಹೆಂಡತಿ ಬಹಿರಂಗವಾಗಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರ ಜೊತೆ ಸೇರುವುದು ಅವರಿಗೆ ಬೇಡವಾಗಿತ್ತು. ಆ ಮಿಷನರಿ ಇನ್ನು ಮನೆಗೆ ಬರುವುದೇ ಬೇಡ ಅನ್ನುವವರೆಗೆ ಹೋಯಿತು.

ನಾನು ಈ ಭಾಗ ಬಿಟ್ಟು ಹೇಳಬಹುದಿತ್ತು. ಕಥೆ ಸಿಹಿಯಾಗಿರ್ತಿತ್ತು. ಆದರೆ ರಮಾಬಾಯಿ ತಾವೇ ಇದನ್ನು ತಮ್ಮ ಸಾಕ್ಷಿಯಲ್ಲಿ ಮುಚ್ಚದೆ ಬರೆದಿದ್ದಾರೆ. ಹೆಂಡತಿಯ ವಿದ್ಯೆಯನ್ನು ಮೆಚ್ಚಿದ ಗಂಡನಿಗೆ ಆಕೆಯ ಆತ್ಮದ ಹಸಿವು ಅರ್ಥವಾಗಲಿಲ್ಲ. ಇಲ್ಲಿ ಮದುವೆಯಾಗದ ತಮ್ಮಂದಿರು, ತಂಗಿಯಂದಿರು ಇದ್ದೀರಿ, ಕೇಳ್ರಿ. ಅವನು ಒಳ್ಳೆಯವನು, ನನ್ನನ್ನು ಚೆನ್ನಾಗಿ ನೋಡ್ಕೊಳ್ತಾನೆ, ನಂಬಿಕೆ ಆಮೇಲೆ ಬರುತ್ತೆ ಅಂತ ನನ್ನ ಹತ್ರ ಬಂದು ಹೇಳ್ತೀರಿ. ಒಳ್ಳೆಯವನಿರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ನಿಮ್ಮ ಜೀವದ ಕೇಂದ್ರದಲ್ಲಿರುವ ಯೇಸುವನ್ನೇ ಅವನು ನೋಡಲಾರದೆ ಹೋದರೆ, ನಿಮ್ಮಲ್ಲಿ ಅವನು ಮೆಚ್ಚುವುದು ಅರ್ಧ ಮಾತ್ರ. ಇನ್ನರ್ಧದಲ್ಲಿ ನೀವು ಒಬ್ಬರೇ ಇರ್ತೀರಿ.

ಆ ಮನೆಯಲ್ಲಿ ಆ ಪ್ರಶ್ನೆ ಬಗೆಹರಿಯಲೇ ಇಲ್ಲ. 1882ರ ಫೆಬ್ರವರಿ 4ರಂದು ಬಿಪಿನ್ ಕಾಲರಾ ಬಂದು ತೀರಿಕೊಂಡರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮಗು ಇನ್ನೂ ಕಂಕುಳಲ್ಲಿತ್ತು. ರಮಾಬಾಯಿಗೆ 23 ವರ್ಷ. ಆಮೇಲೆ 40 ವರ್ಷ ಆಕೆ ಬದುಕಿದರು, ಮತ್ತೆ ಮದುವೆಯಾಗಲಿಲ್ಲ.

ಪುಣೆಗೆ ಬಂದರು, ಹೆಂಗಸರಿಗಾಗಿ ಪುಸ್ತಕ ಬರೆದರು, ಇಂಗ್ಲೆಂಡಿಗೆ ಹೋದರು. 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್ ಅನ್ನುವ ಊರಿನಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು. ಅಮೆರಿಕಕ್ಕೆ ಹೋಗಿ 1887ರಲ್ಲಿ ಭಾರತದ ಮೇಲ್ಜಾತಿ ಹೆಂಗಸರ ಕಷ್ಟದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಲೋಕವೆಲ್ಲ ಓದಿದ ಪುಸ್ತಕ ಅದು. ಅದನ್ನು ಅರ್ಪಿಸಿದ್ದು ಯಾರಿಗೆ ಗೊತ್ತಾ? ಗಂಗಾಮೂಲದ ಕಾಡಿನಲ್ಲಿ ಗಂಡನಿಂದ ಪಾಠ ಕಲಿತ ಅಮ್ಮ ಲಕ್ಷ್ಮೀಬಾಯಿಗೆ.

1889ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನ, ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್. ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣು ಮಕ್ಕಳನ್ನು, ಬಾಲವಿಧವೆಯರನ್ನು ಹುಡುಕಿ ಹುಡುಕಿ ತಂದರು. 1900ರ ಹೊತ್ತಿಗೆ ಅಲ್ಲಿ 2000ದ ಹತ್ತಿರ ಜನ. ನಮ್ಮ ಗುಲ್ಬರ್ಗದಲ್ಲೂ ಆಕೆ ಹೆಣ್ಣು ಮಕ್ಕಳಿಗೆ ಶಾಲೆ ತೆರೆದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ಅನುವಾದ ಮಾಡಿದರು. ಮುಕ್ತಿಯ ಹೆಂಗಸರೇ ಅಚ್ಚಿನ ಮೊಳೆ ಜೋಡಿಸಿದರು.

ಇನ್ನು ಪೆಂಟೆಕೋಸ್ಟ್ ಸಭೆಯವರಾದ ನಾವು ಮರೆಯಬಾರದ್ದು ಒಂದಿದೆ. 1905ರ ಜನವರಿಯಲ್ಲಿ ರಮಾಬಾಯಿ ಉಜ್ಜೀವನಕ್ಕಾಗಿ ಪ್ರಾರ್ಥನೆ ಮಾಡುವವರು ಮುಂದೆ ಬರಲಿ ಅಂತ ಕರೆದಾಗ ಸುಮಾರು 70 ಹೆಣ್ಣು ಮಕ್ಕಳು ಎದ್ದು ಬಂದರು. ಅದೇ ಜೂನ್ ತಿಂಗಳ ಕೊನೆಯಲ್ಲಿ ಪವಿತ್ರಾತ್ಮನು ಆ ಹುಡುಗಿಯರ ಮೇಲೆ ಇಳಿದು ಬಂದನು. ಅಳು, ಪಾಪದ ಅರಿಕೆ, ಆಮೇಲೆ ತಡೆಯಲಾಗದ ಸಂತೋಷ. ಅಮೆರಿಕದ ಅಜುಸಾ ಸ್ಟ್ರೀಟ್ ಉಜ್ಜೀವನ ಶುರುವಾದದ್ದು 1906ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲೇ ದೇವರು ನಮ್ಮ ನಾಡಿನ ಅನಾಥ ಹುಡುಗಿಯರ ಮಧ್ಯೆ ಬೆಂಕಿ ಹಚ್ಚಿದ್ದನು. ಹಲ್ಲೆಲೂಯಾ! 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು, 1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನ ಬಳಿಗೆ ಹೋದರು.

ಈಗ ಹಿಂದಕ್ಕೆ ಹೋಗಿ ನೋಡ್ರಿ. ಮುಕ್ತಿಯ ಉಜ್ಜೀವನಕ್ಕೆ ಮೊದಲು ರಮಾಬಾಯಿ. ರಮಾಬಾಯಿಗೆ ಮೊದಲು ಕತ್ತಲಲ್ಲಿ ಎಬ್ಬಿಸಿ ಓದಿಸಿದ ಅಮ್ಮ. ಆ ಅಮ್ಮನಿಗೆ ಮೊದಲು, ಹುಲಿ ಕೂಗುವ ಕಾಡಿನಲ್ಲಿ ನಿದ್ದೆ ಬಿಟ್ಟು ಕಾವಲು ಕೂತ ಒಬ್ಬ ಗಂಡ. ನಿಮ್ಮ ಅಡುಗೆಮನೆಯಲ್ಲಿ ನೀವು ಹೆಂಡತಿಗೆ ಆಡುವ ಮಾತು ಅಲ್ಲಿಗೇ ಮುಗಿಯುತ್ತೆ ಅಂದ್ಕೊಂಡಿದ್ದೀರಾ? ಅದು ಹೊಳೆ ಇದ್ದ ಹಾಗೆ. ಎಲ್ಲಿ ಹುಟ್ಟುತ್ತೋ ಅಲ್ಲಿ ನಿಲ್ಲಲ್ಲ.

ಈಗ ನನ್ನ ವಿಷಯ. ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಬೆಂಗಳೂರಿನಿಂದ ದೇವಸೇವಕರು ಬಂದಿದ್ದರು. ಊಟ ಮಾಡುತ್ತಾ ವಾಕ್ಯದ ಬಗ್ಗೆ ಮಾತು ನಡೆದಿತ್ತು. ನನ್ನ ಹೆಂಡತಿ ರೊಟ್ಟಿ ಬಡಿಸುತ್ತಾ ಒಂದು ಮಾತು ಹೇಳಿದಳು, ರೂತಳ ಪುಸ್ತಕದಿಂದ. ಒಳ್ಳೇ ಮಾತು. ನಾನು ನಗುತ್ತಾ, ಇವಳಿಗೆ ರೊಟ್ಟಿ ತಟ್ಟೋದು ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಂ.ಕಾಂ. ಓದಿದವಳು. ಆ ದಿನದಿಂದ ಅವಳು ಯಾರ ಎದುರಿಗೂ ವಾಕ್ಯದ ಬಗ್ಗೆ ಬಾಯಿ ಬಿಡಲಿಲ್ಲ. ನನಗೆ ಅದು ಗೊತ್ತೂ ಆಗಲಿಲ್ಲ. ನಾನು ಉಪವಾಸ ಮಾಡ್ತಿದ್ದೆ, ರಾತ್ರಿ ಪ್ರಾರ್ಥನೆ ಮಾಡ್ತಿದ್ದೆ, ಆದರೆ ಒಳಗೆ ಒಣಗಿದ ಕೆರೆ. ಒಂದು ದಿನ 1 ಪೇತ್ರ 3ನೇ ಅಧ್ಯಾಯದ 7ನೇ ವಚನದ ಹತ್ತಿರ ಬಂದಾಗ ಮುಂದೆ ಓದೋಕೆ ಆಗಲಿಲ್ಲ. ಹೆಂಡತಿಗೆ ಮಾನ ಕೊಡದಿದ್ದರೆ ಗಂಡನ ಪ್ರಾರ್ಥನೆಗೇ ತಡೆ ಬೀಳುತ್ತೆ ಅಂತ ಪೇತ್ರನು ಎಚ್ಚರಿಸುತ್ತಾನೆ. ಪೇತ್ರನೂ ಮದುವೆಯಾದವನೇ, ನೆನಪಿರಲಿ.

ಆ ರಾತ್ರಿ ಕ್ಷಮೆ ಕೇಳಿದೆ. ಅವಳು ತಕ್ಷಣ ಏನೂ ಹೇಳಲಿಲ್ಲ. ಮಡಚುತ್ತಿದ್ದ ಬಟ್ಟೆ ಮಡಚಿ ಮುಗಿಸಿದಳು. ಆಮೇಲೆ, ಎಲ್ಲರ ಮುಂದೆ ಆಡಿದ್ದನ್ನ ಅಡುಗೆಮನೆಯಲ್ಲಿ ವಾಪಸ್ ತಗೊಂಡ್ರೆ ಹೆಂಗೆ ರೀ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಕಳೆದ ಭಾನುವಾರ ಆ ಹುಡುಗ ಹೊಳೆ ದಡದಲ್ಲಿ ಎಲ್ಲರ ಎದುರಿಗೆ ಹೆಂಡತಿಯನ್ನು ಮೆಚ್ಚಿಕೊಂಡಾಗ ನನಗೆ ಚುಚ್ಚಿದ್ದು ಅದಕ್ಕೇ. ನಾನು ಆ ಸಾಲ ಇನ್ನೂ ತೀರಿಸಿರಲಿಲ್ಲ. ಅದಕ್ಕೆ ಇವತ್ತು ಈ ಸಭೆಯ ಮುಂದೆ ಹೇಳ್ತೀನಿ. ನನ್ನ ಹೆಂಡತಿ ನನಗಿಂತ ಚೆನ್ನಾಗಿ ವಾಕ್ಯ ಧ್ಯಾನ ಮಾಡ್ತಾಳೆ. ನಾನು ಇಲ್ಲಿ ನಿಂತು ಹೇಳಿದ ಎಷ್ಟೋ ಒಳ್ಳೇ ಮಾತುಗಳು ಮೊದಲು ಅವಳ ಬಾಯಲ್ಲಿ ಬಂದವು. ಮುಂದಿನ ತಿಂಗಳಿಂದ ಸಹೋದರಿಯರ ಬೈಬಲ್ ಸ್ಟಡಿ ಅವಳು ನಡೆಸ್ತಾಳೆ. ಅವಳು ಒಪ್ಪಿದ್ದಾಳೆ.

ಹೊಗಳಿದ್ರೆ ತಲೆ ಮೇಲೆ ಕೂರ್ತಾರೆ ಅಂತ ನಮ್ಮ ಕಡೆ ಒಂದು ಮಾತಿದೆ. ಜ್ಞಾನೋಕ್ತಿ 31ನೇ ಅಧ್ಯಾಯದ ಗಂಡನಿಗೆ ಆ ಭಯ ಇರಲಿಲ್ಲ, ಅವನು ಹೆಂಡತಿಯನ್ನು ಬಾಯಿತುಂಬ ಕೊಂಡಾಡ್ತಾನೆ. ಸಹೋದರಿಯರೇ, ನಿಮಗೂ ಒಂದು ಮಾತು. ಲಕ್ಷ್ಮೀಬಾಯಿಯ ಗಂಡನಿಗೆ ಕೊನೆಗೆ ಕಣ್ಣು ಮಂಜು, ಕೈ ಬರಿದು. ಆದರೂ ಅವರು ಶುರು ಮಾಡಿದ ಕೆಲಸವನ್ನು ಆಕೆ ಕೈಗೆತ್ತಿಕೊಂಡಳು. ಗಂಡನ ಸಂಬಳ ನಿಂತ ದಿನ, ಇಂಟರ್‌ವ್ಯೂನಲ್ಲಿ ಫೇಲ್ ಆಗಿ ಬಂದ ದಿನ ನೀವು ಅವನನ್ನು ಹೇಗೆ ನೋಡ್ತೀರಿ ಅನ್ನೋದರಲ್ಲಿ ನಿಮ್ಮ ಗೌರವ ಗೊತ್ತಾಗುತ್ತೆ.

ಮದುವೆಗೆ ಹುಡುಕುತ್ತಿರುವ ಹುಡುಗರೇ, ನಿಮ್ಮ ಬಯೋಡೇಟಾ ನನ್ನ ಹತ್ರ ಬರ್ತವೆ. ಬೆಳ್ಳಗಿರಬೇಕು, ಕೆಲಸ ಇರಬೇಕು. ಇನ್ನು ಕೆಲವರು, ವಿಶ್ವಾಸಿ ಹುಡುಗಿ ಬೇಕು, ಒಡವೆ ಹಾಕಬಾರದು, ಆದರೆ ಆ ಒಡವೆಯ ದುಡ್ಡು ಕ್ಯಾಶ್ ಆಗಿ ಕೊಡಬೇಕು ಅಂತಾರೆ. ನಗಬೇಡ್ರಿ, ಅಳಬೇಕಾದ ವಿಷಯ ಇದು. ಹುಡುಗಿ ನೋಡೋಕೆ ಹೋದಾಗ ಒಂದು ಪ್ರಶ್ನೆ ಕೇಳ್ರಿ: ದೇವರು ನಿನ್ನ ಮೂಲಕ ಏನು ಮಾಡಬೇಕು ಅಂತ ನಿನ್ನ ಆಸೆ? ಉತ್ತರ ಕೇಳೋಕೆ ತಾಳ್ಮೆ ಇಲ್ಲದಿದ್ದರೆ ಕಾಫಿ ಕುಡಿದು ಎದ್ದು ಬರ್ರಿ.

ಮದುವೆಯಾದವರಿಗೆ ಈ ವಾರ ಒಂದೇ ಕೆಲಸ. ನಿಮ್ಮ ಸಂಗಾತಿಯಲ್ಲಿ ದೇವರು ಇಟ್ಟಿರುವ ಒಂದು ನಿಜವಾದ ಒಳ್ಳೇದನ್ನು ಹುಡುಕಿ, ಮೂರನೆಯವರ ಎದುರಿಗೆ ಹೇಳ್ರಿ. ಅತ್ತೆಯ ಎದುರಿಗೆ ಆದರೆ ಇನ್ನೂ ಒಳ್ಳೇದು. ಸ್ಟೇಟಸ್ ಹಾಕಿ ತಪ್ಪಿಸಿಕೊಳ್ಳಬೇಡ್ರಿ, ಬಾಯಿಂದ ಹೇಳ್ರಿ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಾವು ಏನೂ ಅಲ್ಲದಿದ್ದಾಗಲೇ ನಮ್ಮನ್ನು ನೋಡಿ ಬೆಲೆ ಕೊಟ್ಟವನು ನೀನು. ಆ ಕಣ್ಣು ನಮಗೂ ಕೊಡು. ಮನೆಯಲ್ಲಿ ನಾವು ಮುಚ್ಚಿಸಿದ ಬಾಯಿಗಳನ್ನು ನೀನು ತೆರೆ. ಒಣಗಿದ ಮನೆಗಳಿಗೆ ನಿನ್ನ ಆತ್ಮನನ್ನು ಹೊಳೆಯ ಹಾಗೆ ಹರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.